ಕೆಂಪು ಸೆರಗಿನ ಊರು

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಿಂದ ತೆಂಕಣ ದಿಕ್ಕಿಗೆ ಹೊರಟವನಿಗೆ ಮೊದಲು ಹುನಗುಂದ ಸಿಗುತ್ತದೆ, ಅದನ್ನು ದಾಟಿದರೆ ಇಳಕಲ್ಲು. ಸುತ್ತ ಎರೆಯ ಹೊಲ, ನಡುನಡುವೆ ಕೆಂಪು ಕಲ್ಲಿನ ಬೋರೆ. ಬಿಸಿಲು ಕಾಯ್ದರೆ ನೆಲ ಬಿರಿಯುತ್ತದೆ, ಮಳೆ ಹಿಡಿದರೆ ಹೂತ ಕಾಲು ಕೀಳಲಾಗದು. ಈ ಊರಿಗೆ ರಾಜಧಾನಿಯೆಂಬ ಕೀರ್ತಿ ಎಂದೂ ಇರಲಿಲ್ಲ. ಸುಲ್ತಾನರ ಗುಮ್ಮಟ, ಚಾಲುಕ್ಯರ ಗವಿ, ಪೇಶ್ವೆಯರ ವಾಡೆ ಎಲ್ಲವೂ ಬೇರೆ ಊರುಗಳ ಪಾಲಿಗೆ ಹೋದವು. ಆದರೂ ವಿಜಾಪುರದಿಂದ ಹುಬ್ಬಳ್ಳಿಯವರೆಗೆ, ಅತ್ತ ಸೊಲ್ಲಾಪುರ ಕೊಲ್ಲಾಪುರದವರೆಗೆ, ಹೆಣ್ಣುಮಕ್ಕಳ ಬಾಯಲ್ಲಿ ಇದರ ಹೆಸರು ತಲೆಮಾರುಗಳಿಂದ ಆಡಿದೆ. ಹಾಗೆ ಹೆಸರು ಹೇಳಿದವರಲ್ಲಿ ಬಹುಮಂದಿ ಇಳಕಲ್ಲನ್ನು ಕಂಡವರಲ್ಲ, ಉಟ್ಟವರು.

ನೇಯ್ಗೆ ಇಲ್ಲಿ ಎಂಟನೆಯ ಶತಮಾನದಿಂದಲೂ ಇದೆ ಎಂಬ ಮಾತು ರೂಢಿಯಲ್ಲಿದೆ. ಬಳ್ಳಾರಿ ಸೀಮೆಯ ಪಾಳೆಯಗಾರರ ಆಶ್ರಯದಲ್ಲಿ ಅದು ಬೆಳೆಯಿತೆಂಬುದು ಅದರ ಬೆನ್ನಿಗೇ ಬರುವ ಇನ್ನೊಂದು ಮಾತು. ಎರಡನ್ನೂ ನಾನು ಗೌರವದಿಂದ ಕೇಳಿಸಿಕೊಳ್ಳುತ್ತೇನೆ, ಆದರೆ ಶಾಸನವೆಂದು ಕಟ್ಟಿಕೊಳ್ಳುವುದಿಲ್ಲ. ಅರಿವೆಯ ಹಣೆಬರಹವೇ ಹಾಗೆ. ದೇಗುಲ ಉಳಿಯುತ್ತದೆ, ಆ ದೇಗುಲಕ್ಕೆ ಉಟ್ಟುಕೊಂಡು ಹೋದ ಸೀರೆ ಮೊದಲು ಕೌದಿಯ ತೇಪೆಯಾಗಿ, ಆಮೇಲೆ ಒಲೆ ಮುಂದಿನ ಅರಿವೆಯಾಗಿ ಮುಗಿಯುತ್ತದೆ.

ಹಾಗಿದ್ದರೂ ನೆರೆಯ ನೆಲ ಹೇಳುವುದು ಬಹಳವಿದೆ. ಎತ್ತಿನ ಗಾಡಿಯ ಒಂದು ದಿನದ ಹಾದಿಯಲ್ಲಿ ಐಹೊಳೆ. ಅಲ್ಲಿನ ಮೇಗುಟಿ ಗುಡಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ಹೊಗಳಿಕೆ ಬರೆಸಿದ. ಅದೇ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಮುಂದೆ ದಕ್ಷಿಣ ದೇಶವನ್ನೆಲ್ಲ ತುಳಿದು, ಕಡಲು ದಾಟಿ, 1088ರಲ್ಲಿ ಸುಮಾತ್ರಾ ದ್ವೀಪದ ಬಾರೂಸಿನ ಹತ್ತಿರ ಶಾಸನ ನಿಲ್ಲಿಸುವಷ್ಟು ಬೆಳೆಯಿತು. ಇಂಥ ವರ್ತಕರ ಮೂಟೆಗಳಲ್ಲಿ ಅರಿವೆಗೆ ಎಂದೂ ಜಾಗವಿತ್ತು. ಇನ್ನೊಂದು ದಿಕ್ಕಿಗೆ, ಸುರಪುರ ಸೀಮೆಯ ಮುದನೂರಿನಲ್ಲಿ, ಬಸವಣ್ಣನವರಿಗಿಂತ ಮೊದಲೇ ಮಗ್ಗದ ಮುಂದೆ ಕೂತು ವಚನ ಹೇಳಿದ ಜೇಡರ ದಾಸಿಮಯ್ಯ. ಆತ ವರುಷಗಟ್ಟಲೆ ನೇಯ್ದ ವಸ್ತ್ರವನ್ನು ಜಂಗಮ ವೇಷದ ಶಿವ ಬೇಡಿ ಪಡೆದು ಕಣ್ಣೆದುರೇ ಹರಿದು ಹಾಕಿದನಂತೆ. ದಾಸಿಮಯ್ಯ ಮುಖ ಸಿಂಡರಿಸಲಿಲ್ಲ, ಅವನಿಗೆ ಎಂದೂ ಬರಿದಾಗದ ತವನಿಧಿ ಸಿಕ್ಕಿತು. ಈ ಭಾಗದ ನೇಕಾರರ ಮನೆಗಳಲ್ಲಿ ಈ ಕಥೆಗೆ ಇಂದಿಗೂ ಮುಪ್ಪಿಲ್ಲ. ತವನಿಧಿ ಮಾತ್ರ ಆಮೇಲೆ ಯಾವ ನೇಕಾರನಿಗೂ ದಕ್ಕಲಿಲ್ಲ.

ಅರಸರು ಬಂದರು, ಹೋದರು. ಬಾದಾಮಿಯ ಚಾಲುಕ್ಯರ ತರುವಾಯ ರಾಷ್ಟ್ರಕೂಟರು, ಕಲ್ಯಾಣದವರು, ಸೇವುಣರು, ವಿಜಯನಗರದವರು. 1565ರ ಜನವರಿಯಲ್ಲಿ ವಿಜಯನಗರದ ಭಾಗ್ಯ ಮುರಿದ ಕಾಳಗಕ್ಕೆ ಹೆಸರು ಕೊಟ್ಟ ರಕ್ಕಸಗಿ ತಂಗಡಗಿಗಳು ಕೃಷ್ಣೆಯ ದಂಡೆಯ ಹಳ್ಳಿಗಳು. ರಕ್ಕಸಗಿ ಇದೇ ಹುನಗುಂದ ಸೀಮೆಯದು. ಆ ದಿನ ಓಡಿದ ಕುದುರೆಗಳ ಧೂಳು ಇತ್ತಲೂ ಹಾರಿರಬೇಕು. ಆಮೇಲೆ ಆದಿಲಶಾಹಿ. ಅದು 1686ರಲ್ಲಿ ಔರಂಗಜೇಬನ ಕೈಗೆ ಬಿತ್ತು. ಮತ್ತೆ ಮರಾಠರು, ಹೈದರ, ಟಿಪ್ಪು, ಮತ್ತೆ ಮರಾಠರು. ಕಂದಾಯ ಎಣಿಸಿ ಕೊಡುವ ಕಚೇರಿ ಬದಲಾಯಿತು, ನಾಣ್ಯದ ಮೇಲಿನ ಅಕ್ಷರ ಬದಲಾಯಿತು. ಮಗ್ಗದ ಕುಣಿ ಅಲ್ಲೇ ಇತ್ತು.

ಕುಣಿಮಗ್ಗವೆಂದರೆ ಮನೆಯ ನಡುಮನೆಯಲ್ಲಿ ತೋಡಿದ ತೆಗ್ಗು. ನೇಕಾರ ನೆಲದ ಅಂಚಿಗೆ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ಕಾಲು ತುಳಿದಂತೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಕೈ ಎಸೆದ ಲಾಳಿ ಹೊಕ್ಕನ್ನು ಎಳೆದುಕೊಂಡು ದಾಟುತ್ತದೆ, ಹಣಿಗೆ ಬಡಿದು ಕೂಡಿಸುತ್ತದೆ. ಇಷ್ಟು ಎಲ್ಲ ಊರಿನಲ್ಲೂ ಒಂದೇ. ಇಳಕಲ್ಲು ಇಳಕಲ್ಲಾದದ್ದು ಲಾಳಿಯಿಂದಲ್ಲ, ಕೊಂಡಿಯಿಂದ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀರೆಯ ಒಡಲು ಹಸಿರೆಂದು ಇಟ್ಟುಕೊಳ್ಳಿ. ಉದ್ದಕ್ಕೆ ಹಾಸಿದ ಎಳೆ ಹಸಿರು, ಅಡ್ಡಕ್ಕೆ ಹೊಡೆಯುವ ಎಳೆಯೂ ಹಸಿರು. ಸೆರಗು ಬಂದಾಗ ಕೆಂಪು ಬೇಕು. ಅಡ್ಡ ಎಳೆಯನ್ನು ಕೆಂಪಾಗಿ ಬದಲಿಸುವುದು ಸುಲಭ, ಲಾಳಿಯಲ್ಲಿ ಬೇರೆ ಕಂಡಿಕೆ ಹಾಕಿದರಾಯಿತು. ಆದರೆ ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದರೆ ಹುಟ್ಟುವುದು ಕೆಂಪಲ್ಲ, ಎರಡೂ ಬೆರೆತ ಮಬ್ಬು. ಅಪ್ಪಟ ಕೆಂಪು ಬೇಕೆನ್ನುವವನು ಉದ್ದದ ಎಳೆಯನ್ನೂ ಬದಲಿಸಬೇಕು. ಹಾಗಾಗಿ ಇಳಕಲ್ಲಿನವರು ಒಡಲಿಗೆ ಒಂದು ಹಾಸು, ದಡಿಗೆ ಇನ್ನೊಂದು, ಸೆರಗಿಗೆ ಮತ್ತೊಂದು ಎಂದು ಬೇರೆ ಬೇರೆ ಹೂಡುತ್ತಾರೆ. ಒಡಲು ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಎಳೆಯ ತುದಿಯ ಕುಣಿಕೆಯಲ್ಲಿ ಸೆರಗಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಒಂದಾದ ಮೇಲೊಂದು, ಸಾವಿರಗಟ್ಟಲೆ ಎಳೆಗಳನ್ನು ಬೆಸೆಯುವುದು. ಇದೇ ಕೊಂಡಿ. ಗಂಟಲ್ಲ, ಗಂಟು ಹಣಿಗೆಯ ಹಲ್ಲಿಗೆ ಸಿಕ್ಕಿ ಹರಿಯುತ್ತದೆ. ಎರಡು ಬೆರಳು ಕೊಕ್ಕೆಯಾಗಿ ಒಂದನ್ನೊಂದು ಹಿಡಿದಂತೆ ಈ ಕುಣಿಕೆಗಳು ಹಿಡಿದಿರುತ್ತವೆ. ಸೆರಗಿಗೆ ಬೇರೆ ಹಾಸು ಬೆಸೆಯುವ ರೂಢಿ ಕಂಚಿಯಲ್ಲೂ ಉಂಟು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಹೀಗೆ ಕೊಂಡಿ ಹಾಕಿ, ಅದನ್ನೇ ತನ್ನ ಗುರುತು ಮಾಡಿಕೊಂಡದ್ದು ಇಳಕಲ್ಲು.

ಇದರ ಬೆಲೆಯನ್ನು ನೇಕಾರನೇ ತೆರಬೇಕು. ಬೇರೆಡೆ ಒಂದು ಉದ್ದನೆಯ ಹಾಸು ಹೂಡಿದರೆ ಸಾಲಾಗಿ ಹಲವು ಸೀರೆ ಇಳಿಯುತ್ತವೆ. ಇಲ್ಲಿ ಒಂದು ಸೀರೆಗೆ ಒಂದು ಹಾಸು. ಸೀರೆ ಮುಗಿದರೆ ಮತ್ತೆ ಮೊದಲಿನಿಂದ ಹೂಡಬೇಕು, ಬೆಸೆಯಬೇಕು. ನೂಲು ಸುತ್ತುವುದು, ಗಂಜಿ ಹಚ್ಚುವುದು, ಕಂಡಿಕೆ ತುಂಬುವುದು, ಎಳೆ ಕೂಡಿಸುವುದು ಎಲ್ಲ ಮನೆಯ ಹೆಂಗಸರು, ಮುದುಕರು, ಮಕ್ಕಳ ಪಾಲಿನ ಕೆಲಸ. ಮಗ್ಗದ ಮೇಲೆ ಕೂತವನೊಬ್ಬನನ್ನೇ ನೇಕಾರನೆಂದು ಎಣಿಸಿ ಕೂಲಿ ಕೊಟ್ಟದ್ದು ಆ ಕಾಲದ ನ್ಯಾಯ. ಈ ಕಾಲದ್ದೂ ಹೆಚ್ಚು ಬೇರೆಯಿಲ್ಲ.

ಸೆರಗಿಗೆ ತೋಪು ತೆನಿ ಎಂದು ಹೆಸರು. ಕೆಂಪಿನ ಮೂರು ಪಟ್ಟೆ, ಅವುಗಳ ನಡುವೆ ಬಿಳಿಯ ಎರಡು. ಕೆಂಪು ಬಿಳಿಗಳು ಒಂದರೊಳಗೊಂದು ಹಲ್ಲು ಊರಿ ನಿಲ್ಲುತ್ತವೆ. ಆ ಹಲ್ಲುಗಳನ್ನು ಕೆಲವರು ಗುಡಿಯ ಗೋಪುರವೆನ್ನುತ್ತಾರೆ. ಹಣಿಗೆ ಎಂಬ ಮಾದರಿಯೂ ಉಂಟು, ಕೋಟೆಗೋಡೆಯ ಮಾದರಿಯೂ ಉಂಟು, ಬೆಟ್ಟದ ಸಾಲಿನದೂ ಉಂಟು. ತೆನಿ ಎಂದರೆ ಜೋಳದ ತೆನೆ ಎಂದು ಒಕ್ಕಲಿಗರ ಮನೆಯಲ್ಲಿ ಹೇಳುತ್ತಾರೆ, ಎರೆ ನೆಲದ ಸೀರೆಗೆ ಅದು ಒಪ್ಪುವ ಮಾತೇ. ಆದರೆ ಹಳೆಯ ಕನ್ನಡದಲ್ಲಿ ಕೋಟೆಯ ನೆತ್ತಿಯ ಹಲ್ಲುಗಳಿಗೂ ತೆನೆ ಎಂದೇ ಹೆಸರು, ತೋಪು ಎಂದರೆ ಫಿರಂಗಿ. ದಂಡು ಸುಳಿದಾಡಿದ ಈ ಸೀಮೆಯಲ್ಲಿ ಹೆಣ್ಣುಮಕ್ಕಳು ಹೆಗಲ ಮೇಲೆ ಹೊತ್ತದ್ದು ಬೆಳೆಯನ್ನೋ ಬತೇರಿಯನ್ನೋ? ಎರಡನ್ನೂ ಎಂದು ನನ್ನ ಎಣಿಕೆ. ಬಲವಂತವಿಲ್ಲ, ಓದುಗರು ತಮಗೆ ಬೇಕಾದ್ದನ್ನು ಹೊದ್ದುಕೊಳ್ಳಬಹುದು.

ರೇಷ್ಮೆಯನ್ನು ಸೆರಗಿಗೆ ಮತ್ತು ದಡಿಗೆ ಮಾತ್ರ ಇಟ್ಟದ್ದರಲ್ಲಿ ದೊಡ್ಡ ಜಾಣತನವಿದೆ. ರೇಷ್ಮೆ ದೂರದ ಸರಕು, ಬೆಂಗಳೂರಿನ ಕಡೆಯಿಂದಲೂ ಮುಂಬಯಿ ಬಂದರಿಗೆ ಬಂದಿಳಿದ ಚೀನಾದ ಮಾಲಿನಿಂದಲೂ ಬರಬೇಕಿತ್ತು. ಹತ್ತಿ ಹಿತ್ತಲ ಹೊಲದ್ದು, ಜವಾರಿ. ಈ ಸೀಮೆಯ ಹತ್ತಿಗೆ ಹೊರಗಿನ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರು ಬಿದ್ದಿತ್ತು, ಘಟ್ಟ ಇಳಿದು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ. ಸುಗ್ಗಿಯಲ್ಲಿ ಹೊಲಕ್ಕೆ ಬಗ್ಗುವ ಹೆಂಗಸಿಗೆ ಮೈಮೇಲೆ ಹತ್ತಿಯೇ ಬೇಕು, ಬೆವರು ಕುಡಿಯುತ್ತದೆ. ತಲೆಯ ಮೇಲೆ ಹೊದ್ದು ಹೆಗಲಿಗಿಳಿಯುವ ಸೆರಗು ನಾಲ್ಕು ಮಂದಿಯ ಕಣ್ಣಿಗೆ ಬೀಳುವುದು, ಅಲ್ಲಿ ರೇಷ್ಮೆ. ಸಾಹುಕಾರ್ತಿಯ ಪತ್ತಲದ ಗತ್ತನ್ನು ಬಡವಿಯ ಕೈಗೆಟಕುವ ದುಡ್ಡಿನಲ್ಲಿ ನೇಯ್ದವರು ಇಳಕಲ್ಲಿನವರು. ಹದಿನಾರು ಮೊಳ, ಹದಿನೆಂಟು ಮೊಳದ ಸೀರೆಗಳು ಅಂದಿನವು. ಕಚ್ಚೆ ಹಾಕಿ ಉಡಲು ಅಷ್ಟು ಬೇಕು. ಆರು ವಾರದ್ದು ಈಚಿನದು.

ದಡಿಗಳದೇ ಒಂದು ಕುಲ: ಗೋಮಿ, ಚಿಕ್ಕಿ ಪರಾಸ, ಗಾಡಿ. ನಾಲ್ಕರಿಂದ ಆರು ಇಂಚಿನ ಅಗಲ, ಬಹುಮಟ್ಟಿಗೆ ಕೆಂಪು ಇಲ್ಲವೆ ಕೆಂಗಂದು. ಒಡಲು ಬೋಳು, ಇಲ್ಲವೆ ಗೆರೆ, ಚೌಕುಳಿ. ಬಣ್ಣಗಳಲ್ಲಿ ದಾಳಿಂಬೆ ಕೆಂಪು, ನವಿಲಿನ ಹಸಿರು, ಗಿಳಿ ಹಸಿರು. ಮದುಮಗಳಿಗೆ ಗಿರಿ ಕುಂಕುಮ. ಇವೆಲ್ಲದರ ಮೇಲೆ ಚಂದ್ರಕಾಳಿ.

ಚಂದ್ರಕಾಳಿ ಕಪ್ಪು ಸೀರೆ. ಆ ಕಪ್ಪು ಹುಟ್ಟುತ್ತಿದ್ದುದು ನೀಲಗಾರರ ಹರವಿಗಳಲ್ಲಿ. ನೀಲಿಯ ಗಿಡದ ಬಣ್ಣವನ್ನು ಸುಣ್ಣದ ನೀರಿನಲ್ಲಿ ಹುಳಿ ಬರಿಸಿ, ನೂಲನ್ನು ಅದರಲ್ಲಿ ಅದ್ದಿ ಎತ್ತಿದರೆ ಮೊದಲು ಹಸಿರಾಗಿ ಕಾಣುತ್ತದೆ. ಗಾಳಿ ತಾಕಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಮತ್ತೆ ಅದ್ದಬೇಕು, ಮತ್ತೆ ಗಾಳಿಗೆ ಹಿಡಿಯಬೇಕು. ಅದ್ದಿದಷ್ಟೂ ಕಪ್ಪಿನ ಕಡೆಗೆ ಸರಿಯುವ ಆ ನೀಲಿ ಕೊನೆಗೆ ಅಮಾವಾಸ್ಯೆಯ ಬಣ್ಣಕ್ಕೆ ನಿಲ್ಲುತ್ತದೆ. ಹುಳಿ ಬಂದ ಹರವಿಯ ನಾತಕ್ಕೆ ನೀಲಗಾರರ ಓಣಿ ಕತ್ತಲಲ್ಲೂ ಗುರುತು ಸಿಗುತ್ತಿತ್ತು. ಕೆಂಪಿನ ಬಗೆ ಬೇರೆ: ಸುರಂಜಿಯ ಬೇರನ್ನು ಅರೆದು, ಪಟಿಕದ ಜೊತೆ ಕುದಿಸುವುದು. ಬೇರು ಬಲಿಯಲು ವರುಷಗಳು ಬೇಕು, ಎರೆ ನೆಲದಲ್ಲಿ ಅದನ್ನು ಅಗೆದು ತೆಗೆಯಲು ರಟ್ಟೆ ಬೇಕು.

ಈ ಕಪ್ಪು ಒಡಲಿನ ಮೇಲೆಯೇ ಧಾರವಾಡ ಸೀಮೆಯ ಹೆಣ್ಣುಮಕ್ಕಳು ಕಸೂತಿ ಹಾಕಿದ್ದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು, ಗಂಟು ಹಾಕುವಂತಿಲ್ಲ. ಅಂಬಾರಿ ಆನೆ, ತುಳಸಿಕಟ್ಟೆ, ಪಲ್ಲಕ್ಕಿ, ಗೋಪುರ, ಕಮಲ ಎಲ್ಲ ಒಡಲಿನಿಂದ ಸೆರಗಿನತ್ತ ಮೆರವಣಿಗೆ ಹೊರಡುತ್ತಿದ್ದವು. ಮಗ್ಗದ ಮುಂದೆ ಗಂಡಸು ಬಿಟ್ಟ ಬರಿದನ್ನು ಸೂಜಿ ಹಿಡಿದ ಹೆಂಗಸು ತುಂಬಿದಳು. ಸೀರೆಗೆ ಜೊತೆ ಕುಪ್ಪಸ ಬೇಡವೆ? ಅದಕ್ಕೆ ಗುಳೇದಗುಡ್ಡದ ಖಣ. ಎರಡು ಊರುಗಳು ಹೀಗೆ ಒಂದೇ ಮೈಮೇಲೆ ಸಂಬಂಧ ಬೆಳೆಸಿದವು. ಉಡಿ ತುಂಬುವಾಗ, ಬಸುರಿಗೆ ಕುಬಸ ಮಾಡುವಾಗ, ಸವದತ್ತಿಯ ಎಲ್ಲಮ್ಮನಿಗೆ, ಬಾದಾಮಿಯ ಬನಶಂಕರಿಗೆ ಹರಕೆ ಒಪ್ಪಿಸುವಾಗ ಸೀರೆ ಖಣಗಳನ್ನು ಬೇರೆಬೇರೆಯಾಗಿ ಹೆಸರಿಸಿದವರಿಲ್ಲ.

ಮರಾಠಿಗರು ಇದನ್ನು ಇರಕಲ್ಲ ಎಂದು ಕರೆದರು. ಲ ಕಾರಗಳ ನಡುವೆ ಅವರ ನಾಲಿಗೆ ತೊಡರಿರಬೇಕು. ಇರಕಲ್ಲ ಲುಗಡೆ ಉಟ್ಟ ಅಜ್ಜಿಯರು ಸಾಂಗಲಿ, ಸಾತಾರ, ಸೊಲ್ಲಾಪುರದ ಹಳ್ಳಿಗಳಲ್ಲಿ ಇಂದಿಗೂ ಕಟ್ಟೆಯ ಮೇಲೆ ಕೂತಿರುತ್ತಾರೆ. ಸಂಕ್ರಾಂತಿಗೆ ಅವರು ಉಡುವ ಕರಿ ಚಂದ್ರಕಳಾ ನಮ್ಮ ಚಂದ್ರಕಾಳಿಯ ಒಡಹುಟ್ಟು. ಸೀರೆ ತಮ್ಮದೆಂದು ಅವರೂ ಅನ್ನುತ್ತಾರೆ. ಅಷ್ಟು ಕಾಲ ಉಟ್ಟವರಿಗೆ ಇಲ್ಲವೆನ್ನುವುದು ಹೇಗೆ?

1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಕಂಪನಿಯ ಬಾವುಟ ಏರಿತು. ಆಗ ಇಳಕಲ್ಲಿಗೆ ಒಂದು ವಿಚಿತ್ರ ಗಡಿ ಗಂಟುಬಿತ್ತು. ಊರು ಮುಂಬಯಿ ಸರಕಾರದ್ದು, ತೆಂಕಣದ ಕುಷ್ಟಗಿ ಹೈದರಾಬಾದ್ ನಿಜಾಮನದು. ಬೆಳಗ್ಗೆ ಮೂಟೆ ಹೊತ್ತು ಹೊರಟ ವ್ಯಾಪಾರಿ ಹೊತ್ತು ಏರುವುದರೊಳಗೆ ಪರದೇಶದಲ್ಲಿರುತ್ತಿದ್ದ. ಅತ್ತಲೂ ಇತ್ತಲೂ ಕನ್ನಡದ ಹೆಂಗಸರು, ಅವರ ಮೈಮೇಲೆ ಒಂದೇ ಕೆಂಪು ಸೆರಗು. ಜಿಲ್ಲೆಯ ಕಚೇರಿ ಮೊದಲು ಕಲಾದಗಿಯಲ್ಲಿತ್ತು. 1885ರಲ್ಲಿ ಅದು ವಿಜಾಪುರಕ್ಕೆ ಹೋಯಿತು.

ಅಷ್ಟರಲ್ಲಿ ಕೇಡು ಬಂದು ಹೋಗಿತ್ತು. ಈ ಸೀಮೆಗೆ ಬರ ಹೊಸದಲ್ಲ. 1791ರ ಬರದಲ್ಲಿ ಹೆಣ ಸುಡುವವರಿಲ್ಲದೆ ಬಯಲ ತುಂಬ ತಲೆಬುರುಡೆ ಬಿದ್ದಿದ್ದವೆಂದು ಅದನ್ನು ಬುರುಡೆಯ ಬರವೆಂದೇ ಜನ ನೆನೆದರು. 1876ರಲ್ಲಿ ಧಾತು ಸಂವತ್ಸರ. ಮುಂಗಾರು ಹಿಂಗಾರು ಎರಡೂ ಕೈಬಿಟ್ಟವು. ಬರದಲ್ಲಿ ಮೊದಲು ಒಣಗುವುದು ಹೊಲ, ಮೊದಲು ನಿಲ್ಲುವುದು ಮಗ್ಗ. ಅಟ್ಟದ ಮೇಲೆ ಒಂದಿಷ್ಟು ಕಾಳಿದ್ದ ಒಕ್ಕಲಿಗ ಕೆಲವು ತಿಂಗಳು ತಡೆದಾನು. ನೇಕಾರನ ಹತ್ತಿರ ಇರುವುದು ಸೀರೆ, ಹಸಿದ ಊರಿನಲ್ಲಿ ಸೀರೆ ಕೊಳ್ಳುವವರು ಯಾರು? ಸೂಕ್ಷ್ಮ ಎಳೆ ಹಿಡಿದು ಮೆತ್ತಗಾದ ಬೆರಳುಗಳು ಕಲ್ಲು ಒಡೆಯುವ ಕಾಮಗಾರಿಗೆ ಹೋದವು. 1872ರ ಜನಗಣತಿಯಲ್ಲಿ 8,16,273 ಇದ್ದ ಜಿಲ್ಲೆಯ ಜನ 1881ಕ್ಕೆ 6,38,493 ಆಗಿದ್ದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇಲ್ಲವಾಗಿದ್ದರು, ಕೆಲವರು ಊರು ಬಿಟ್ಟು, ಹಲವರು ಲೋಕ ಬಿಟ್ಟು. ಆ ಅಂಕಿಯ ಮುಂದೆ ಕೂತು ನಾನು ಲೆಕ್ಕ ಹಾಕಿದ್ದು ಸೀರೆಗಳನ್ನಲ್ಲ, ಕುಣಿಗಳನ್ನು. ಎಷ್ಟು ನಡುಮನೆಗಳಲ್ಲಿ ಆ ತೆಗ್ಗನ್ನು ಮಣ್ಣು ಹಾಕಿ ಮುಚ್ಚಿರಬೇಡ!

ಉಳಿದವರು ಮತ್ತೆ ಹೂಡಿದರು. ಆದರೆ ಹೂಡುವ ನೂಲು ಬದಲಾಗಿತ್ತು. ಮನೆಯ ರಾಟಿಯ ನೂಲಿನ ಜಾಗಕ್ಕೆ ಗಿರಣಿಯ ಲಡಿ ಬಂತು, ಮೊದಲು ವಿಲಾಯತಿಯದು, ಆಮೇಲೆ ಮುಂಬಯಿಯದು. 1887ರಲ್ಲಿ ಗೋಕಾಕದ ಜಲಪಾತದ ಬಲದಿಂದಲೇ ತಿರುಗುವ ಗಿರಣಿ ನೂಲು ತೆಗೆಯತೊಡಗಿತು. ಗದಗಿನಿಂದ ಬಾಗಲಕೋಟೆ, ವಿಜಾಪುರ ಹಾದು ಹೋಟಗಿಗೆ ಹೋಗುವ ರೈಲು 1880ರ ದಶಕದಲ್ಲಿ ಬಂದಿತು; ಇಳಕಲ್ಲನ್ನು ಅದು ಮುಟ್ಟಲಿಲ್ಲ. ಗಿರಣಿ ನೂಲಿನಿಂದ ನೇಕಾರನಿಗೆ ಒಳ್ಳೆಯದೇ ಆಯಿತೆನ್ನಬೇಕು, ಸಮವಾದ ಎಳೆ, ಹರಿಯುವುದು ಕಡಿಮೆ. ಕೆಟ್ಟದ್ದಾದದ್ದು ರಾಟಿ ತಿರುಗಿಸಿ ನಾಲ್ಕು ಕಾಸು ಕಾಣುತ್ತಿದ್ದ ವಿಧವೆಯರಿಗೆ, ಮುದುಕಿಯರಿಗೆ.

ನೀಲಗಾರರ ಸರದಿ ಅದರ ಬೆನ್ನಿಗೆ ಬಂತು. ಬೇರಿನ ಕೆಂಪನ್ನು ಜರ್ಮನರು 1868ರಲ್ಲಿಯೇ ಕಲ್ಲಿದ್ದಲಿನ ಡಾಂಬರಿನಿಂದ ತೆಗೆಯಲು ಕಲಿತಿದ್ದರು. 1897ರಲ್ಲಿ ನೀಲಿಯನ್ನೂ ಕಾರಖಾನೆಯಲ್ಲಿ ಮಾಡಿ ಮಾರುಕಟ್ಟೆಗೆ ಬಿಟ್ಟರು. ಡಬ್ಬಿಯ ಬಣ್ಣ ಬಂದ ಮೇಲೆ ಹರವಿ ಹುಳಿ ಬರಿಸುವ ವಿದ್ಯೆ ಕೇಳುವವರಿಲ್ಲದೆ ಬತ್ತಿತು. ಸುರಂಜಿಯ ಹೊಲಗಳಲ್ಲಿ ಬೇರೆ ಬೆಳೆ ಬಂತು. ಸೀರೆಯ ಕೆಂಪು ಮಾತ್ರ ಕೆಂಪಾಗಿಯೇ ಇತ್ತು, ಹೊಳಪು ಸ್ವಲ್ಪ ಹೆಚ್ಚೇ.

ಇಪ್ಪತ್ತನೆಯ ಶತಮಾನ ನಡೆದಂತೆ ಕೃತಕ ರೇಷ್ಮೆ ಬಂತು. ಊರಿನ ಬಾಯಲ್ಲಿ ಅದು ಚಮಕಾ. ಶುದ್ಧ ರೇಷ್ಮೆಯ ಸೆರಗು ಕೊಳ್ಳಲಾಗದವರ ಮನೆಗೆ ಚಮಕಾ ಸೆರಗು ಹೋಯಿತು. ಹಳಬರು ಇದನ್ನು ಅಪಚಾರವೆಂದು ಬಗೆದರಂತೆ. ನನಗೆ ಹಾಗನ್ನಿಸುವುದಿಲ್ಲ. ರೇಷ್ಮೆಯನ್ನು ಸೆರಗಿಗಷ್ಟೇ ಇಟ್ಟ ಮೊದಲ ಜಾಣತನ ಯಾವುದೋ, ಚಮಕಾ ಅದರದೇ ಮೊಮ್ಮಗು. ಕೊಂಡಿ ಹಾಕುವ ಕೈ ತಪ್ಪಲಿಲ್ಲ, ಅದು ಮುಖ್ಯ. 1956ರ ನವೆಂಬರಿನಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕುಷ್ಟಗಿಯೂ ಸೇರಿತು, ಗಡಿ ಅಳಿಯಿತು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿ ಬಂತು; ಮೀಸಲಿನ 22 ಬಾಬುಗಳು ಮುಂದೆ 11ಕ್ಕೆ ಇಳಿದವು. ಈ ಶತಮಾನದ ಮೊದಲ ದಶಕದಲ್ಲಿ ಸೀರೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿತು. ಕಾಗದಗಳು ಭದ್ರವಾಗಿವೆ.

ವಿದ್ಯುತ್ ಮಗ್ಗದ ಸೀರೆಗಳು ಅದೇ ಹೆಸರು ಹೊತ್ತು ಅಂಗಡಿ ತುಂಬಿವೆ. ಅವು ಅಗ್ಗ, ಹಗುರ. ಅವನ್ನು ಕೊಂಡವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೆ ಯಂತ್ರಕ್ಕೆ ಬೇಕಾದದ್ದು ನಡುವೆ ಕಡಿಯದ ಉದ್ದನೆಯ ಹಾಸು. ಪ್ರತಿ ಸೀರೆಗೂ ನಿಂತು, ಎಳೆಗೆ ಎಳೆ ಕೊಕ್ಕೆ ಹಾಕಿ ಮುಂದುವರಿಯುವ ತಾಳ್ಮೆ ಅದರ ಜಾತಕದಲ್ಲಿಲ್ಲ. ನೇಕಾರನ ಬೆನ್ನು ಮುರಿದ ಕೊಂಡಿಯೇ ಅವನ ಕೊನೆಯ ಕೋಟೆಯೂ ಆಗಿದೆ. ಕೂಲಿ ಮಾತ್ರ ಆ ಕೋಟೆಗೆ ತಕ್ಕುದಲ್ಲ, ಅದಕ್ಕೇ ನೇಕಾರರ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಇಳಕಲ್ಲಿನ ಹೆಸರಲ್ಲೇ ಕಲ್ಲಿದೆ. ಅದರ ಬೋರೆಗಳ ಕೆಂಪು ಗ್ರಾನೈಟನ್ನು ಹೊರದೇಶಗಳು ದುಡ್ಡು ಕೊಟ್ಟು ಒಯ್ಯುತ್ತವೆ. ಹಾಗಿದ್ದೂ ಊರಿನ ಹೆಸರು ಕೇಳಿ ಕಲ್ಲನ್ನು ನೆನೆಯುವವರು ವ್ಯಾಪಾರಿಗಳು ಮಾತ್ರ. ಉಳಿದವರಿಗೆಲ್ಲ ಕಣ್ಣ ಮುಂದೆ ಬರುವುದು ಕೆಂಪಿನ ಮೂರು ಪಟ್ಟೆ, ಬಿಳಿಯ ಎರಡು.

ಇಳಕಲ್ಲ ಸೀರೆ ಎಂದು ಯಾರಾದರೂ ನಿಮ್ಮ ಮುಂದೆ ಬಿಡಿಸಿ ಹಾಕಿದರೆ ಬಣ್ಣ ನೋಡಿ ಮರುಳಾಗಬೇಡಿ, ದಡಿ ನೋಡಿ ದರ ಕೇಳಬೇಡಿ. ಒಡಲು ಮುಗಿದು ಸೆರಗು ಮೊದಲಾಗುವ ಗೆರೆಯನ್ನು ಹುಡುಕಿ, ಸೀರೆಯನ್ನು ಮಗುಚಿ, ಅಲ್ಲಿ ಬೆರಳಾಡಿಸಿ. ಸಾಸಿವೆಗಿಂತ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ತಾಕಿದರೆ ಕೊಳ್ಳಿ. ಕೇಳಿದ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.